ಕೈಯ ಭಾರ

ಜನವರಿ ೧೪

ಮಗಳಿಗೆ,

ಈ ಪತ್ರ ಕಂಡು ಗಾಬರಿಯಾಗಬೇಡ. ಕೆಟ್ಟ ಸುದ್ದಿ ಏನೂ ಇಲ್ಲ. ನಾನು ಪತ್ರ ಬರೆಯುವವನಲ್ಲ ಎಂದು ನಿನಗೆ ಗೊತ್ತು. ನೀನು ಹಾಸ್ಟೆಲಿನಲ್ಲಿದ್ದಾಗ ಅಮ್ಮನೇ ಬರೆಯುತ್ತಿದ್ದಳು, ಕೊನೆಯ ಸಾಲಿನಲ್ಲಿ 'ಅಪ್ಪ ನಿನ್ನನ್ನು ಕೇಳಿದರು' ಎಂದು ಸೇರಿಸುತ್ತಿದ್ದಳು. ನಾನು ಕೇಳಿರುತ್ತಿದ್ದೆನೋ ಇಲ್ಲವೋ, ಅವಳಂತೂ ಬರೆಯುತ್ತಿದ್ದಳು.

ವಿಷಯ ಏನೆಂದರೆ, ಇಲ್ಲಿ ಸುರಂಗದ ಕ್ಯಾಂಪಿನಲ್ಲಿ ನನ್ನ ಕೋಣೆಯಲ್ಲಿದ್ದ ಕ್ರೇನಿನವನು ಕೆಲಸ ಬಿಟ್ಟು ಹೋದ. ಹಾಸಿಗೆ, ಬಕೆಟ್ಟು, ಕನ್ನಡಿ ಎಲ್ಲ ಕಟ್ಟಿಕೊಂಡ. ಒಂದು ಗಿಟಾರನ್ನು ಮಾತ್ರ ಗೋಡೆಯ ಮೇಲೆಯೇ ಬಿಟ್ಟ. ಬಸ್ಸಿನಲ್ಲಿ ಅದಕ್ಕೂ ಸೀಟು ಬೇಕಾಗುತ್ತೆ, ನೀವೇ ಇಟ್ಟುಕೊಳ್ಳಿ ಎಂದ. ಅವನ ಮಂಚಕ್ಕೆ ಇನ್ನೂ ಯಾರೂ ಬಂದಿಲ್ಲ. ಪಾಳಿ ಮುಗಿಸಿ ಬಂದು ಕೂತರೆ ಎದುರಿಗೆ ಅದೊಂದೇ. ಎಷ್ಟು ದಿನ ಅಂತ ಅದರ ಮುಖ ನೋಡುವುದು? ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡೆ.

ನೀನು ಊರಿನ ಮಕ್ಕಳಿಗೆಲ್ಲ ಇದನ್ನು ಕಲಿಸುತ್ತೀಯ. ನನಗೂ ಒಂದು ಮಾತು ಹೇಳು. ಎಡಗೈ ಬೆರಳುಗಳಿಂದ ತಂತಿ ಒತ್ತಿ ಹಿಡಿಯುವ ಎರಡು ಕಾರ್ಡ್ ಕ್ರೇನಿನವನೇ ತೋರಿಸಿ ಹೋಗಿದ್ದಾನೆ. ಎಡಗೈ ಹೇಗೋ ಕೂರುತ್ತದೆ. ಬಲಗೈಯಲ್ಲಿ ಬಾರಿಸಿದರೆ ಮಾತ್ರ ಸಣ್ಣ ತಂತಿ ಪಟ್ಟೆಂದು ಹರಿಯುತ್ತದೆ. ಹೊಸದು ಕಟ್ಟಿದೆ, ಅದೂ ಹೋಯಿತು. ಇದು ಗಿಟಾರಿನ ತಪ್ಪೋ ನನ್ನದೋ ತಿಳಿಯದು.

ಇಲ್ಲಿ ಫೋನು ಹಿಡಿಯುವುದಿಲ್ಲ, ಸುತ್ತ ಬೆಟ್ಟ. ಹಿಡಿದಿದ್ದರೂ ನಾವಿಬ್ಬರೂ 'ಊಟ ಆಯ್ತಾ' ಎಂದು ಇಟ್ಟುಬಿಡುತ್ತಿದ್ದೆವು. ಅದಕ್ಕೇ ಬರೆದೆ.

ಇಂತಿ,
ಅಪ್ಪ


ಫೆಬ್ರವರಿ ೨

ಅಪ್ಪ,

ನಿಮ್ಮ ಕೈಬರಹವನ್ನು ಇಷ್ಟುದ್ದಕ್ಕೆ ನೋಡಿದ್ದು ಇದೇ ಮೊದಲು. ಗೇಟಿನ ಹತ್ತಿರವೇ ನಿಂತು ಓದಿದೆ. ಅಂಚೆಯವನು ಏನಾದರೂ ಆಗಬಾರದ್ದು ಆಯಿತೇನೋ ಎಂದು ಸೈಕಲ್ ಹತ್ತದೆ ಕಾಯುತ್ತಿದ್ದ. 'ಅಪ್ಪ ಗಿಟಾರ್ ಬಾರಿಸ್ತಿದಾರಂತೆ' ಎಂದೆ. ಅವನು ಬೆಲ್ ಹೊಡೆದು ಹೋದ.

ತಪ್ಪು ಗಿಟಾರಿನದಲ್ಲ. ನಿಮ್ಮ ಕೈ ಭಾರ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ದೊಡ್ಡವರಾದ ಮೇಲೆ ಕಲಿಯುವವರೆಲ್ಲ ಹಾಗೇ. ನನ್ನಲ್ಲಿಗೆ ಬರುವ ಹಲ್ಲಿನ ಡಾಕ್ಟರು ಒಬ್ಬರು ತಂತಿಯನ್ನು ಬುಡಸಮೇತ ಕೀಳುವವರಂತೆ ಬಾರಿಸುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ.

ಪಿಕ್ಕನ್ನು, ಅಂದರೆ ತಂತಿ ಮೀಟುವ ಪ್ಲಾಸ್ಟಿಕ್ ಬಿಲ್ಲೆಯನ್ನು, ಹೆಬ್ಬೆರಳಿಗೂ ತೋರುಬೆರಳಿನ ಪಕ್ಕಕ್ಕೂ ನಡುವೆ ಇಟ್ಟುಕೊಳ್ಳಿ. ತುದಿ ಸ್ವಲ್ಪ ಮಾತ್ರ ಹೊರಗೆ ಕಾಣಬೇಕು. ಬೀಳದಿದ್ದರೆ ಸಾಕು, ಅದಕ್ಕಿಂತ ಬಿಗಿ ಬೇಡ. ಮೊಣಕೈಯಿಂದ ಬೀಸಬೇಡಿ, ಮಣಿಕಟ್ಟಿನಿಂದ ಆಡಿಸಿ. ಕೈ ತೊಳೆದು ಟವೆಲ್ ಸಿಗದಿದ್ದಾಗ ನೀರು ಕೊಡವುತ್ತೇವಲ್ಲ, ಹಾಗೆ. ಕೆಳಗೆ ಬರುವಾಗ ಎಲ್ಲ ತಂತಿ ತಾಗಲಿ, ಮೇಲೆ ಹೋಗುವಾಗ ಸಣ್ಣ ತಂತಿ ಎರಡು ಮೂರು ತಾಗಿದರೆ ಸಾಕು. ತಂತಿಯನ್ನು ಹೊಡೆಯಬೇಡಿ. ಅದರ ಮೇಲೆ ಕೈ ಹಾದುಹೋಗಲಿ.

ತೆಳ್ಳಗಿನ ಪಿಕ್ ಎರಡು, ಒಂದು ಸೆಟ್ ತಂತಿ ಕಳಿಸಿದ್ದೇನೆ.

ಮನೆ ಹಾಗೇ ಇದೆ.

ನಿಮ್ಮ ಮಗಳು


ಮಾರ್ಚ್ ೩

ಮಗಳಿಗೆ,

ಪಿಕ್ ಬಂತು. ಅಷ್ಟು ತೆಳುವಾದದ್ದನ್ನು ಹಿಡಿದರೆ ಹಿಡಿದ ಹಾಗೇ ಅನಿಸುವುದಿಲ್ಲ. ನೀನು ಹೇಳಿದಂತೆ ಸಡಿಲ ಬಿಟ್ಟೆ, ಗಿಟಾರಿನ ಹೊಟ್ಟೆಯೊಳಗೆ ಬಿತ್ತು. ತಲೆಕೆಳಗು ಮಾಡಿ ಅಲ್ಲಾಡಿಸಿ ತೆಗೆದೆ. ಮತ್ತೆ ಬಿತ್ತು. ಅಡುಗೆಯವನು ಬಾಗಿಲಲ್ಲಿ ನಿಂತು, ಅಣ್ಣಾ ಹುಂಡಿ ಒಡೀತಿದೀರಾ ಎಂದು ಕೇಳಿದ. ಅವನ ಪ್ರಕಾರ ನನ್ನ ಸಂಗೀತಕ್ಕಿಂತ ಅವನು ಪಾತ್ರೆ ಉಜ್ಜುವ ಸದ್ದೇ ಹಿತ.

ಸಡಿಲ ಬಿಡುವುದು ನನಗೆ ಬಾರದ ವಿದ್ಯೆ. ಇಲ್ಲಿ ಸುರಂಗದೊಳಗೆ ಡ್ರಿಲ್ಲನ್ನು ಎದೆ ಕೊಟ್ಟು ಅದುಮಿ ಹಿಡಿಯಬೇಕು. ಕೈ ಸ್ವಲ್ಪ ಸಡಿಲವಾದರೂ ಅದು ಬಂಡೆಯಿಂದ ಹಾರಿ ಮೈಮೇಲೆ ಬರುತ್ತದೆ. ಹೊಸಬರಿಗೆ ನಾನೇ ಹೇಳಿಕೊಡುವುದು, ಜೀವ ಹೋದರೂ ಹಿಡಿತ ಬಿಡಬೇಡ ಎಂದು. ಹಗಲೆಲ್ಲ ಹಾಗೆ ಹೇಳಿ ಸಂಜೆ ಕೋಣೆಗೆ ಬಂದು ಕೈಗೆ ಬೇರೆ ಪಾಠ ಹೇಳಿದರೆ ಅದು ನಂಬುವುದಿಲ್ಲ. ಪಾಳಿ ಮುಗಿದ ಮೇಲೂ ಬಹಳ ಹೊತ್ತು ಕೈಯೊಳಗೆ ಡ್ರಿಲ್ಲು ಓಡುತ್ತಲೇ ಇರುತ್ತದೆ.

ಚಳಿ ಜಾಸ್ತಿ. ಬೆಳಿಗ್ಗೆ ಎದ್ದಾಗ ಬೆರಳ ತುದಿ ಸೀಮೆಸುಣ್ಣದ ಹಾಗೆ ಬೆಳ್ಳಗಿರುತ್ತದೆ. ಇಲ್ಲಿ ಹಳಬರಿಗೆಲ್ಲ ಹಾಗೇ ಆಗುತ್ತದೆ. ಆಮೇಲೆ ಸರಿಹೋಗುತ್ತದೆ.

ಮನೆ ಹಾಗೇ ಇದೆ ಎಂದು ಬರೆದಿದ್ದೀಯ. ಹಾಗೇ ಎಂದರೆ ಹೇಗೆ?

ಅಪ್ಪ


ಮಾರ್ಚ್ ೨೪

ಅಪ್ಪ,

ಹಾಗೇ ಎಂದರೆ, ವರ್ಷಗಳ ಹಿಂದೆ ನೀವು ಹೋದಾಗ ಹೇಗಿತ್ತೋ ಹಾಗೆ. ಅಮ್ಮನ ಕನ್ನಡಕ ರೇಡಿಯೋದ ಮೇಲಿದೆ. ಧೂಳು ಒರೆಸುವಾಗ ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಡುತ್ತೇನೆ. ತರಗತಿ ಮುಗಿಸಿ ಬೀಗ ತೆಗೆದು ಒಳಗೆ ಬಂದರೆ ಮೊದಲು ಅಡುಗೆಮನೆಯ ದೀಪ ಹಾಕಬೇಕು ಎನಿಸುತ್ತದೆ, ಆದರೆ ಹಾಕುವುದಿಲ್ಲ. ಬೀದಿದೀಪದ ಬೆಳಕು ಕಿಟಕಿಯಿಂದ ಬರುತ್ತದಲ್ಲ, ಅದರಲ್ಲೇ ನಿಂತುಕೊಂಡು ತಿಂದು ತಟ್ಟೆ ತೊಳೆದಿಡುತ್ತೇನೆ. ಒಬ್ಬಳಿಗೋಸ್ಕರ ಕುರ್ಚಿ ಎಳೆಯುವ ಸದ್ದು ಯಾಕೆ ಎಂದು.

ಇದನ್ನೆಲ್ಲ ಬರೆಯಬೇಕೆಂದುಕೊಂಡಿರಲಿಲ್ಲ. ನೀವು ಕೇಳಿದಿರಿ.

ಪಾಠಕ್ಕೆ ಬರೋಣ. ಎಡಗೈಯನ್ನು ತಂತಿಗಳ ಮೇಲೆ ಸುಮ್ಮನೆ ಮಲಗಿಸಿ. ಒತ್ತಬೇಡಿ. ಈಗ ಬಾರಿಸಿದರೆ ಸ್ವರ ಬರುವುದಿಲ್ಲ, ಸರ್ ಸರ್ ಎಂದು ಕಸ ಗುಡಿಸಿದಂಥ ಸದ್ದು ಬರುತ್ತದೆ. ಅಷ್ಟೇ ಬೇಕಾದದ್ದು. ಎದುರಿನ ಗಡಿಯಾರದ ಟಿಕ್ ಟಿಕ್ ಕೇಳಿಸುವಷ್ಟು ಮೆಲ್ಲಗೆ ಬಾರಿಸಿ. ಗಡಿಯಾರ ಕೇಳಿಸದಿದ್ದರೆ ಕೈ ಜೋರಾಯಿತು ಎಂದು ಲೆಕ್ಕ. ಒಂದು ವಾರ ಇದನ್ನು ಬಿಟ್ಟು ಬೇರೇನೂ ಬೇಡ.

ಇನ್ನೊಂದು ಕೇಳಬೇಕು. ನಿಮ್ಮ ಪತ್ರವನ್ನು ತಿರುಗಿಸಿದರೆ ಹಿಂದಿನ ಪುಟದಲ್ಲಿ ಅಕ್ಷರಗಳು ಉಬ್ಬಿ ನಿಂತಿವೆ. ಕೆಲವು ಕಡೆ ಪೆನ್ನು ಕಾಗದವನ್ನೇ ತೂತು ಮಾಡಿದೆ. ಮೊದಲ ಪತ್ರ ಹೀಗಿರಲಿಲ್ಲ. ಪಿಕ್ಕು ಬೀಳುತ್ತದೆ ಅಂದಿರಿ. ಜಾರಿ ಬೀಳುವುದೋ, ಅಥವಾ ಬಿದ್ದದ್ದೇ ಬೆರಳಿಗೆ ಗೊತ್ತಾಗುವುದಿಲ್ಲವೋ? ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತದೆಯೇ? ಇದಕ್ಕೆ ಮರೆಯದೆ ಉತ್ತರ ಬರೆಯಿರಿ.

ನಿಮ್ಮ ಮಗಳು


ಮೇ ೫

ಮಗಳಿಗೆ,

ಕೆಲಸ ಹೆಚ್ಚು, ಬರೆಯಲು ತಡವಾಯಿತು. ಬಂಡೆ ಗಟ್ಟಿ ಸಿಕ್ಕಿದೆ, ಮೇಸ್ತ್ರಿ ದಿನವಿಡೀ ಮುಖ ಗಂಟು ಹಾಕಿಕೊಂಡಿರುತ್ತಾನೆ. ಕೋಣೆಗೆ ಹೊಸಬ ಬಂದಿದ್ದಾನೆ, ಪಂಪು ನೋಡಿಕೊಳ್ಳುವವನು. ಮಲಗಿದರೆ ಏಳುವವರೆಗೆ ಗೊರಕೆ. ನಾನು ಬಾರಿಸಿದರೆ ಅವನಿಗೆ ತೊಂದರೆಯಿಲ್ಲ, ಅವನು ಮಲಗಿದರೆ ನನಗೆ ಗಡಿಯಾರ ಕೇಳಿಸುವುದಿಲ್ಲ.

ಕಸ ಗುಡಿಸುವ ಪಾಠ ಮಾಡುತ್ತಿದ್ದೇನೆ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ನಿಲ್ಲದೆ ಹೋಗಲು ಬಂತು. ತಂತಿ ಹರಿದಿಲ್ಲ.

ನಾನು ಚೆನ್ನಾಗಿದ್ದೇನೆ. ಏನಿಲ್ಲ. ಅಡುಗೆಮನೆಯ ದೀಪ ಹಾಕಿಕೊಂಡು ಊಟ ಮಾಡು.

ಅಪ್ಪ

ಮಗಳೇ, ನಾನು ಇಲ್ಲಿನ ಅಡುಗೆಯವನು. ಪತ್ರ ಅಂಚೆಗೆ ಹಾಕೋಕೆ ನನ್ನ ಕೈಲಿ ಕೊಟ್ಟಿದಾರೆ, ಇನ್ನೂ ಅಂಟಿಸಿರಲಿಲ್ಲ. ಓದಿದ್ದು ತಪ್ಪು, ಬೇಕಾದ್ರೆ ಬೈಕೋ. ನಿಮ್ಮಪ್ಪ ಚೆನ್ನಾಗಿದೀನಿ ಅಂತ ಬರೆದಿದಾರೆ, ಅದಕ್ಕೆ ಇದನ್ನ ಬರೀತಿದೀನಿ. ಹೋದ ವಾರ ಒಲೆ ಮೇಲಿದ್ದ ಚಹಾ ಪಾತ್ರೆನ ಬರಿಗೈಲಿ ಎತ್ತಿದ್ರು. ಬಟ್ಟೆ ಇಲ್ಲ, ಇಕ್ಕಳ ಇಲ್ಲ. ಎತ್ತಿ ನಿಧಾನಕ್ಕೆ ಲೋಟಕ್ಕೆ ಬಗ್ಗಿಸಿ ಕೆಳಗಿಟ್ರು. ನಾನು ಕೂಗಿಕೊಂಡೆ, ಅವರು ಯಾಕಯ್ಯ ಅಂದ್ರು. ಬೊಬ್ಬೆ ಎದ್ದ ಮೇಲೆ ಕೈ ನೋಡಿಕೊಂಡ್ರು. ಬೇರೆ ಯಾರದೋ ಕೈ ನೋಡೋ ಹಾಗೆ ನೋಡಿದ್ರು. ಯಾರಿಗೂ ಹೇಳಬೇಡ ಅಂತ ನನಗೆ ಹೇಳಿದಾರೆ. ನೀನು ಯಾರೋ ಅಲ್ವಲ್ಲ, ಅದಕ್ಕೆ ಹೇಳಿದೆ.


ಮೇ ೧೩

ಅಪ್ಪ,

ಅಡುಗೆಯವರು ಬರೆದದ್ದನ್ನು ಓದಿದೆ. ಅವರ ಮೇಲೆ ರೇಗಬೇಡ. ರೇಗಿದರೆ ಇಲ್ಲಿಂದ ನಾನು ಬಂದು ಅವರ ಪರ ನಿಲ್ಲುತ್ತೇನೆ.

ನಿನ್ನ ಕೈ ಭಾರವಲ್ಲ. ನಾನು ತಪ್ಪು ತಿಳಿದೆ. ಬೆರಳಿಗೆ ಸ್ಪರ್ಶ ಗೊತ್ತಾಗುವುದಿಲ್ಲ, ಅದಕ್ಕೇ ನೀನು ಹಿಚುಕಿ ಹಿಡಿಯುತ್ತೀಯ. ಪಿಕ್ಕನ್ನೂ ಪೆನ್ನನ್ನೂ. ನಾನು ಇಲ್ಲಿ ಕೂತು ಸಡಿಲ ಬಿಡಿ, ಸಡಿಲ ಬಿಡಿ ಎಂದು ದೊಡ್ಡ ಟೀಚರ್ ಹಾಗೆ ಬರೆಯುತ್ತಿದ್ದೆ. ಹಲ್ಲಿನ ಡಾಕ್ಟರನ್ನು ಕೇಳಿದೆ. ಅದುರುವ ಯಂತ್ರ ವರ್ಷಗಟ್ಟಲೆ ಹಿಡಿದರೆ ಬೆರಳಿನ ನರ, ರಕ್ತನಾಳ ಹಾಳಾಗುತ್ತವಂತೆ. ಹಿಡಿದಷ್ಟೂ ಹೆಚ್ಚುತ್ತದಂತೆ. ಬಿಟ್ಟರೆ ಮಾತ್ರ ಅಲ್ಲಿಗೆ ನಿಲ್ಲಬಹುದು.

'ಏನಿಲ್ಲ' ಎಂದು ಬರೆದಿದ್ದೀಯ. ಅಮ್ಮನೂ ಹಾಗೇ ಅಂದಳು. ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು, ಏನಮ್ಮಾ ಎಂದರೆ ಏನಿಲ್ಲ ಕಣೆ, ನೀನು ಕ್ಲಾಸಿಗೆ ಹೋಗು ಎಂದಳು. ನಾನು ಹೋದೆ, ನೀನು ಕೆಲಸಕ್ಕೆ ಹೋದೆ. ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ಆಸ್ಪತ್ರೆಯಲ್ಲಿ ನಮಗೆ ಗೊತ್ತಾಗುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಅವಳು ಹೋಗಿ ತಿಂಗಳಾಗುವ ಮುಂಚೆ ನೀನು ಸೂಟ್‌ಕೇಸ್ ಹಿಡಿದು ಹೊರಟೆ. ಯಾಕೆ ಎಂದು ನಾನು ಕೇಳಲಿಲ್ಲ. ಆ ಮನೆಯಲ್ಲಿ ಇರಲು ನನಗೂ ಆಗುತ್ತಿರಲಿಲ್ಲ ಅಪ್ಪ. ಆದರೆ ಇಬ್ಬರೂ ಹೋದರೆ ಬಾಗಿಲು ತೆಗೆಯುವವರು ಯಾರು?

ನಾಳೆಯೇ ಡಾಕ್ಟರ ಹತ್ತಿರ ಹೋಗು. ಡ್ರಿಲ್ ಮುಟ್ಟಬೇಡ.

ಬರೆದು ಮುಗಿಸಿ ಓದಿ ನೋಡಿದರೆ, ಉದ್ದಕ್ಕೂ ನಿಮ್ಮನ್ನು 'ನೀನು' ಎಂದಿದ್ದೇನೆ. ಅಮ್ಮನೊಂದಿಗೆ ಮಾತ್ರ ಹಾಗೆ ಮಾತಾಡುತ್ತಿದ್ದೆ. ತಿದ್ದುವುದಿಲ್ಲ, ಹಾಗೇ ಕಳಿಸುತ್ತೇನೆ.

ಮಗಳು


ಜುಲೈ ೬

ಅಪ್ಪ,

ಉತ್ತರ ಇಲ್ಲ. ಅಂಚೆಯವನು ಈಗ ನನ್ನ ಮುಖ ನೋಡದೆ ಗೇಟು ದಾಟುತ್ತಾನೆ.

ನಾನು ಬರೆದದ್ದು ಹೆಚ್ಚಾಯಿತೇನೋ. ಹಿಂದೆ ತೆಗೆದುಕೊಳ್ಳುವುದಿಲ್ಲ, ಆದರೆ ನಿನಗೆ ನೋವಾಗಿದ್ದರೆ ನನಗೂ ನೋವಿದೆ. ಇನ್ನೇನು ಬರೆಯಬೇಕೋ ತಿಳಿಯುತ್ತಿಲ್ಲ, ಹಾಗಾಗಿ ಪಾಠವನ್ನೇ ಬರೆಯುತ್ತೇನೆ.

ಪಿಕ್ ಬಿಟ್ಟುಬಿಡು. ಹೆಬ್ಬೆರಳಿನ ಮೆತ್ತನೆ ಭಾಗದಿಂದ, ಉಗುರು ತಾಗದ ಹಾಗೆ, ಮೇಲಿನಿಂದ ಕೆಳಕ್ಕೆ ಸವರು. ಹಿಡಿಯುವುದೇ ಇಲ್ಲದಿದ್ದರೆ ಬೀಳುವುದೂ ಇಲ್ಲ. ತಂತಿ ತಾಗಿತೋ ಇಲ್ಲವೋ ಎಂದು ಬೆರಳನ್ನು ಕೇಳಬೇಡ. ಗಿಟಾರನ್ನು ಎದೆಗೆ ಒತ್ತಿಕೋ, ಅದರ ಬೆನ್ನು ಅದುರುತ್ತದೆ. ಅಲ್ಲಿ ತಿಳಿಯುತ್ತದೆ.

ಒಂದು ಸಾಲಾದರೂ ಬರೆ. ಬರೆಯಲು ಆಗದಿದ್ದರೆ ಅಡುಗೆಯವರ ಕೈಲಿ ಬರೆಸು.

ಮಗಳು


ಆಗಸ್ಟ್ ೧೯

ಮಗು,

ಎರಡೂ ಪತ್ರ ಕೈ ಸೇರಿವೆ. ಮೊದಲನೆಯದನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ, ಬೆವರಿಗೆ ಅಕ್ಷರ ಕಲಸಿಹೋದವು. ಅಷ್ಟರಲ್ಲಿ ಬಾಯಿಪಾಠ ಆಗಿತ್ತು.

ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆ. ನಿನ್ನ ಪತ್ರ ಬಂದ ವಾರವೇ ಹೋಗಿದ್ದೆ. ಕಣ್ಣು ಮುಚ್ಚಿಸಿ ಬೆರಳಿಗೆ ಸೂಜಿ ತಾಗಿಸಿ, ಈಗ ಗೊತ್ತಾಯ್ತಾ, ಈಗ ಗೊತ್ತಾಯ್ತಾ ಎಂದು ಕೇಳುತ್ತಾ ಹೋದರು. ನಾನು ಅವರ ಧ್ವನಿ ಕೇಳಿದಾಗಲೆಲ್ಲ ಹೂಂ ಅಂದೆ. ಕಣ್ಣು ಬಿಟ್ಟರೆ ಸೂಜಿ ಮೇಜಿನ ಮೇಲಿತ್ತು, ಅವರ ಕೈ ಬರಿದಾಗಿತ್ತು. ಡ್ರಿಲ್ ಬಿಡಿ ಎಂದರು. ನಾನು ಬಿಡಲಿಲ್ಲ.

ಯಾಕೆ ಎಂದು ನೀನು ಈಗ ಕೇಳುತ್ತೀಯ, ಅದಕ್ಕೇ ಹೇಳುತ್ತೇನೆ. ಸುರಂಗದೊಳಗೆ ಡ್ರಿಲ್ ಓಡುವಾಗ ಪಕ್ಕದವನು ಕಿವಿಯಲ್ಲಿ ಕೂಗಿದರೂ ಕೇಳುವುದಿಲ್ಲ. ನಮ್ಮದೇ ಯೋಚನೆಯೂ ಕೇಳುವುದಿಲ್ಲ. ಅಷ್ಟು ಸದ್ದು ನನಗೆ ಬೇಕಾಗಿತ್ತು. ಇಲ್ಲಿಗೆ ಬಂದದ್ದೂ ಅದಕ್ಕೇ. ಜೂನ್ ಕೊನೆಯಲ್ಲಿ ಒಂದು ದಿನ ಡ್ರಿಲ್ ಕೈಯಿಂದ ಜಾರಿತು. ಜಾರಿದ್ದೇ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದವನ ಬೂಟಿನ ತುದಿಯನ್ನು ಹರಿದು ನೆಲಕ್ಕೆ ಬಿತ್ತು. ಅವನಿಗೆ ಏನೂ ಆಗಲಿಲ್ಲ. ಒಂದಂಗುಲ ಈಚೆ ಬಿದ್ದಿದ್ದರೆ ಅವನ ಪಾದ ಇರುತ್ತಿರಲಿಲ್ಲ. ಬೇರೆಯವರಿಗೆ ಹಿಡಿತ ಕಲಿಸುವವನು ನಾನು. ಹೊರಗೆ ಬಂದು ಹೆಲ್ಮೆಟ್ ತೆಗೆದು ಮೇಸ್ತ್ರಿಯ ಮೇಜಿನ ಮೇಲಿಟ್ಟೆ. 'ಇನ್ನು ನನ್ನ ಕೈಲಿ ಆಗಲ್ಲ' ಅಂದೆ. ಮೇಸ್ತ್ರಿ ಕೂತ್ಕೊಳ್ಳಿ ಎಂದು ಕುರ್ಚಿ ಸರಿಸಿದ.

ಈಗ ನನ್ನನ್ನು ದೀಪದ ಕೋಣೆಗೆ ಹಾಕಿದ್ದಾರೆ. ಒಳಗೆ ಹೋಗುವವರಿಗೆ ತಲೆಗೆ ಕಟ್ಟುವ ದೀಪ ಕೊಡುವುದು, ಬಂದವರಿಂದ ತೆಗೆದುಕೊಂಡು ಚಾರ್ಜಿಗೆ ಹಾಕುವುದು. ಜೊತೆಯವರು ಸಾಲಾಗಿ ಒಳಗೆ ಹೋಗುತ್ತಾರೆ, ನಾನು ಹೊರಗೆ ಉಳಿಯುತ್ತೇನೆ. ಪಾಳಿ ಬದಲಾಗುವಾಗ ಗಿಜಿಗಿಜಿ, ಆಮೇಲೆ ಇಡೀ ಮಧ್ಯಾಹ್ನ ಒಂದು ನರಪಿಳ್ಳೆ ಇಲ್ಲ. ಮೊದಮೊದಲು ಆ ಮೌನದಲ್ಲಿ ಕೂರಲಾಗದೆ ಇಟ್ಟ ದೀಪಗಳನ್ನೇ ತೆಗೆದು ಒರೆಸಿ ಮತ್ತೆ ಇಡುತ್ತಿದ್ದೆ. ಆಮೇಲೆ ಗಿಟಾರ್ ತೆಗೆದುಕೊಂಡು ಹೋದೆ.

ನೀನು ಹೇಳಿದಂತೆ ಹೆಬ್ಬೆರಳಿನಲ್ಲಿ ಸವರಿದೆ. ಬೆರಳಿಗೆ ಏನೂ ತಿಳಿಯಲಿಲ್ಲ. ಎದೆಯ ಹತ್ತಿರ ಬೆಕ್ಕು ಗುರುಗುಟ್ಟಿದ ಹಾಗೆ ಆಯಿತು. ಇಷ್ಟು ದಿನ ನಾನು ಬಾರಿಸಿದ್ದೆಲ್ಲ ಬಾರಿಸಿದ ತಕ್ಷಣ ಸತ್ತುಹೋಗುತ್ತಿತ್ತು. ಅವತ್ತು ಕೈ ತೆಗೆದ ಮೇಲೂ ಸದ್ದು ಕೋಣೆಯಲ್ಲಿ ಇತ್ತು. ಅದು ಪೂರ್ತಿ ಅಡಗುವವರೆಗೆ ಕಾದೆ. ಆಮೇಲೆ ಏನೂ ಇರಲಿಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ನಿನ್ನ ಅಮ್ಮನ ನೆನಪು ಬಂತು. ಆಸ್ಪತ್ರೆಯದಲ್ಲ. ಸ್ನಾನ ಮಾಡಿ ಬಂದು ಕಿಟಕಿಯ ಹತ್ತಿರ ಕೂದಲು ಒಣಗಿಸಿಕೊಳ್ಳುತ್ತಾ, ಯಾರ ಮೇಲೋ ಗೊಣಗುತ್ತಾ ನಿಂತಿದ್ದಳು. ಬಹುಶಃ ನನ್ನ ಮೇಲೆಯೇ. ಅವಳು ಹೋದಾಗ ನಾನು ಅತ್ತಿರಲಿಲ್ಲ, ನೀನು ನೋಡಿದ್ದೀಯ. ಅವತ್ತು ದೀಪದ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ.

ಬೆರಳು ಸರಿಯಾಗುತ್ತದೋ ಇಲ್ಲವೋ ಡಾಕ್ಟರು ಹೇಳುವುದಿಲ್ಲ. ಸ್ವಲ್ಪ ಮಟ್ಟಿಗೆ ಆಗಬಹುದು ಎನ್ನುತ್ತಾರೆ. ಆ ದನಿ ನನಗೆ ಗೊತ್ತು.

'ನೀನು' ಎಂದು ಬರೆದದ್ದನ್ನು ತಿದ್ದದೆ ಕಳಿಸಿದ್ದು ಒಳ್ಳೆಯದಾಯಿತು.

ಅಪ್ಪ


ಸೆಪ್ಟೆಂಬರ್ ೧

ಅಪ್ಪ,

ನಿನ್ನ ಪತ್ರವನ್ನು ಅಡುಗೆಮನೆಯಲ್ಲಿ ಓದಿದೆ, ದೀಪ ಹಾಕಿಕೊಂಡು, ಕುರ್ಚಿ ಎಳೆದು ಕೂತು. ಅಮ್ಮ ಗೊಣಗುತ್ತಿದ್ದದ್ದು ಖಂಡಿತ ನಿನ್ನ ಮೇಲೆಯೇ.

ಇಪ್ಪತ್ತನೇ ತಾರೀಕು ಶನಿವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ಬೇಡ ಎಂದು ಬರೆಯಬೇಡ. ಬರೆದರೂ ಆ ಪತ್ರ ಬರುವ ಹೊತ್ತಿಗೆ ನಾನು ಹೊರಟಿರುತ್ತೇನೆ.

ನಿನ್ನ ಮಗಳು


ಸೆಪ್ಟೆಂಬರ್ ೨೩

ಮಗು,

ಕ್ಷೇಮವಾಗಿ ತಲುಪಿರುತ್ತೀಯ. ನಿನ್ನನ್ನು ಬಸ್ಸು ಹತ್ತಿಸಿ ಬಂದ ಮೇಲೆ ಪಂಪಿನವನು, ಯಾರಣ್ಣ ಬಂದಿದ್ದೋರು ಎಂದು ಕೇಳಿದ. ಮಗಳು ಎಂದೆ. ಮಗಳಿದಾಳೆ ಅಂತ ನೀವು ಹೇಳೇ ಇರಲಿಲ್ವಲ್ಲ ಎಂದ. ಒಂದೇ ಕೋಣೆಯಲ್ಲಿ ಇಷ್ಟು ತಿಂಗಳು ಮಲಗಿ ಎದ್ದಿದ್ದೇವೆ. ಅವನಿಗೆ ಮಕ್ಕಳಿದ್ದಾರೆಯೇ ಎಂದು ನನಗೂ ಗೊತ್ತಿರಲಿಲ್ಲ. ಕೇಳಿದೆ. ಇಬ್ಬರು ಇದ್ದಾರೆ.

ನೀನು ಎದುರಿಗೆ ಕೂತಾಗ ಪ್ರಯಾಣ ಹೇಗಾಯಿತು, ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದು ಎರಡೆರಡು ಸಲ ಕೇಳಿದೆ. ಕಾಗದದ ಮೇಲೆ ಅಷ್ಟೆಲ್ಲ ಬರೆದವನು ಇವನೇನಾ ಎಂದು ನಿನಗೆ ಅನಿಸಿರಬೇಕು. ನೀನೂ ಅಡುಗೆಯವನ ಜೊತೆ ಮಾತಾಡಿದಷ್ಟು ನನ್ನ ಜೊತೆ ಮಾತಾಡಲಿಲ್ಲ. ಪಾಠ ತೋರಿಸು ಎಂದೆ. ಗಿಟಾರ್ ತೆಗೆದುಕೊಂಡರೆ, ದೀಪದ ಕೋಣೆಯಲ್ಲಿ ಅಷ್ಟು ಚೆನ್ನಾಗಿ ಬರುತ್ತಿದ್ದದ್ದು ನಿನ್ನ ಮುಂದೆ ಬರಲಿಲ್ಲ. ಕೈ ಮತ್ತೆ ಕಲ್ಲಾಯಿತು. ಎರಡನೇ ಸಲಕ್ಕೆ ತಂತಿ ಹರಿಯಿತು. ಅಡುಗೆಯವನು ನಕ್ಕ, ನೀನು ನಗಲಿಲ್ಲ.

ನೀನು ತಂತಿ ಕಟ್ಟಿ, ಶ್ರುತಿ ಮಾಡಿ ಕೊಟ್ಟು, ನನ್ನ ಪಕ್ಕಕ್ಕೆ ಬಂದು ಕೂತು ನನ್ನ ಮಣಿಕಟ್ಟಿನ ಕೆಳಗೆ ನಿನ್ನ ಅಂಗೈ ಇಟ್ಟೆಯಲ್ಲ. 'ಅಪ್ಪ, ಕೈಯ ಭಾರ ಎಲ್ಲ ನನ್ನ ಮೇಲೆ ಬಿಡು' ಅಂದೆ. ನನಗೆ ಬಿಡಲು ಬರಲಿಲ್ಲ. ನಿನಗೆ ಭಾರವಾಗುತ್ತೆ ಎಂದೆ. 'ಆಗಲಿ ಬಿಡು, ಎಷ್ಟು ಭಾರ ಇದೆ ನೋಡೋಣ' ಅಂದೆ. ಆಮೇಲೆ ಇಬ್ಬರೂ ಎಷ್ಟು ಹೊತ್ತು ಕೂತಿದ್ದೆವೋ, ಹೊರಗೆ ಪಾಳಿಯ ಸೈರನ್ ಕೂಗಿದ್ದು ನನಗೆ ಕೇಳಿಸಲಿಲ್ಲ. ಬಾರಿಸಿದೆವೋ ಇಲ್ಲವೋ ಅದೂ ಸರಿಯಾಗಿ ನೆನಪಿಲ್ಲ.

ಮೇಸ್ತ್ರಿಗೆ ಹೇಳಿದ್ದೇನೆ. ಅಕ್ಟೋಬರ್ ಕೊನೆಗೆ ನನ್ನನ್ನು ಬಿಡುತ್ತಾರೆ. ಬಂದ ಮೇಲೂ ನಾನು ಇದ್ದಕ್ಕಿದ್ದ ಹಾಗೆ ಮಾತುಗಾರನಾಗುವುದಿಲ್ಲ. ನೀನು ತರಗತಿಗೆ ಹೋದಾಗ ಆ ಮನೆಯಲ್ಲಿ ಒಬ್ಬನೇ ಇರಲು ನನಗೆ ಈಗಲೂ ಭಯವೇ. ಸಂಜೆ ನೀನು ಬರುವ ಹೊತ್ತಿಗೆ ದೀಪ ಹಾಕಿರುತ್ತೇನೆ ಎಂದಷ್ಟೇ ಹೇಳಬಲ್ಲೆ.

ನೀನು ಕೈ ಇಟ್ಟಾಗ ಒಂದು ಮಾತು ಹೇಳಬೇಕೆಂದಿದ್ದೆ, ಬಾಯಿಗೆ ಬರಲಿಲ್ಲ. ನನ್ನ ಬೆರಳಿಗೆ ಈಗ ತಂತಿ ಗೊತ್ತಾಗುವುದಿಲ್ಲ, ಲೋಟದ ಬಿಸಿ ಗೊತ್ತಾಗುವುದಿಲ್ಲ. ಮಣಿಕಟ್ಟಿಗೆ ಮಾತ್ರ ಇನ್ನೂ ಎಲ್ಲ ಗೊತ್ತಾಗುತ್ತದೆ. ನಿನ್ನ ಕೈ ಬೆಚ್ಚಗಿತ್ತು.

ನಿನ್ನ ಅಪ್ಪ